ಮನೆ ಮಾರಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಮನೆ ಮಾರಿ ನೋಡು ಎನ್ನಲಿಲ್ಲ. ಅದರಲ್ಲೂ ಕಂತಿನ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಾರಿದರೆ ಏನಾಗುತ್ತದೆಂದು ಯಾರಾದರೂ ಹೇಳಿದ್ದರೆ, ನಾನು ಗೋವಾದ ಈ ಸಾಂಕೋಲೆ ಊರಿನಲ್ಲಿ ಬ್ಯಾಂಕಾಗುತ್ತಿರಲಿಲ್ಲ.

ಹೌದು, ಬ್ಯಾಂಕೆಂದರೆ ನಾನೇ. ಗಾಜಿನ ಬಾಗಿಲಿಲ್ಲ, ದಾರ ಕಟ್ಟಿದ ಪೆನ್ನಿಲ್ಲ. ಪಡಸಾಲೆಯಲ್ಲೊಂದು ಪ್ಲಾಸ್ಟಿಕ್ ಕುರ್ಚಿ, ಬಂದವರಿಗೆ ಚಹಾ. ವಿಜಯಪುರದ ಕಡೆಯಿಂದ ಬಂದ ನಾವು ಇಲ್ಲಿ ಕಟ್ಟಿಕೊಂಡದ್ದು ಒಂದಕ್ಕೊಂದು ಅಂಟಿದ ಎರಡು ಪುಟ್ಟ ಮನೆ. ಒಂದರಲ್ಲಿ ನಾವಿದ್ದೇವೆ. ಇನ್ನೊಂದನ್ನು ರೇಣುಕಾ, ಬಸವರಾಜ ಎಂಬ ದಂಪತಿ ಕೇಳಿದರು. ಅವಳು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು, ಅವನು ಟೆಂಪೋ ಚಾಲಕ. ಯಾವ ಬ್ಯಾಂಕೂ ಅವರಿಗೆ ಸಾಲ ಕೊಡಲಿಲ್ಲ. ತಿಂಗಳ ಕಂತು ನನಗೇ ಕಟ್ಟಿ, ಪೂರ್ತಿ ತೀರಿದ ದಿನ ನೋಂದಣಿ ಎಂದು ಕರಾರಾಯಿತು. ಇಬ್ಬರೂ ಸಹಿ ಹಾಕಿ ಒಂದೇ ತಟ್ಟೆಯಲ್ಲಿ ಶಿರಾ ತಿಂದರು.

ಕೆಲವು ವರ್ಷಗಳಲ್ಲಿ ಕೋರ್ಟಿನಲ್ಲಿ ಬೇರೆಯಾದರು. ಕಾರಣ ನಾನು ಕೇಳಲಿಲ್ಲ. ನಡುಗೋಡೆ ತೆಳುವಾಗಿದ್ದುದರಿಂದ ಕೇಳುವ ಅಗತ್ಯವೂ ಬೀಳಲಿಲ್ಲ. ಬಸವರಾಜ ಹೋಗುವಾಗ ನೀರಿನ ಮೋಟರನ್ನೂ ಬಿಚ್ಚಿಕೊಂಡು ಹೋದ. ಕಂತೂ ನಿಂತಿತು. ಆಮೇಲೊಂದು ದಿನ ಅವನೇ ಬಂದು ಕುರ್ಚಿಯಲ್ಲಿ ಕುಳಿತ.

“ಅಕ್ಕಾರ, ಆಕಿ ಒಬ್ಬಾಕಿ ಕೈಲೆ ಕಂತ ಕಟ್ಟೂದು ಆಗೂದಿಲ್ರಿ. ಕರಾರ ರದ್ದ ಮಾಡಿ ಮನಿ ನೀವ ಇಟ್ಕೋರಿ. ನಾ ಕಟ್ಟಿದ್ದು ನನಗ ಕೊಡ್ರಿ.”

ಅವನು ಹೋದ ಮೇಲೆ ನಮ್ಮ ಯಜಮಾನರು ಒಳಗಿಂದ ಬಂದರು. “ಕಂತ ತಪ್ಪಿದ್ರ ಮನಿ ವಾಪಸ್ ಅಂತ ಬರದೈತಲ್ಲ? ಈಗ ರೇಟ್ ಡಬಲ್ ಆಗೇತಿ. ಸುಮ್ನ ತಗೊಂಬಿಡು.”

ಸುಳ್ಳೇಕೆ ಹೇಳಲಿ, ನನ್ನೊಳಗಿನ ಬ್ಯಾಂಕು ಒಂದು ಗಳಿಗೆ ಬಾಯಿ ಚಪ್ಪರಿಸಿತು.

ಅಷ್ಟರಲ್ಲಿ ರೇಣುಕಾ ನಮ್ಮ ನಲ್ಲಿಗೆ ಕೊಡ ಹಿಡಿದು ಬಂದಳು. ಬಸವರಾಜ ಬಂದು ಕೇಳಿದ್ದನ್ನು ಹೇಳಿದೆ. ಅವಳು ಕೊಡ ಕೆಳಗಿಟ್ಟಳು.

“ಮದುವಿ ಮುರದೈತ್ರಿ ಅಕ್ಕಾರ, ಗ್ವಾಡಿ ಮುರದಿಲ್ಲ. ನಾ ರಾತ್ರಿ ಪಾಳಿನೂ ಹಿಡದೇನಿ. ಕಂತ ಸಣ್ಣದ ಮಾಡ್ರಿ, ವರ್ಷ ಹೆಚ್ಚ ಮಾಡ್ರಿ, ಕಟ್ತೇನಿ. ಹೊರಗ ಹೋಗಂದ್ರ ಮಾತ್ರ ಬಾಗಲಾ ಹಾಕ್ಕೊಂಡ ಒಳಗ ಕುಂದರತೇನಿ.”

ಬೇಡುವ ದನಿಯಲ್ಲ ಅದು. ಬ್ಯಾಂಕು ತೆಪ್ಪಗಾಯಿತು.

ಹತ್ತಿರದ ವಾಸ್ಕೋ ಪಟ್ಟಣದ ವಕೀಲೆಯೊಬ್ಬರು ಕರಾರು ನೋಡಿ ಬಿಡಿಸಿ ಹೇಳಿದರು: ಕೋರ್ಟು ಬಿಡಿಸಿದ್ದು ಮದುವೆಯನ್ನು, ಕರಾರನ್ನಲ್ಲ. ಅದನ್ನು ಬಸವರಾಜನೊಬ್ಬನೇ ರದ್ದು ಮಾಡಲಾರ. ಅವನಿಗೆ ಬಿಡುಗಡೆ ಬೇಕಾದರೆ ಮೂವರೂ ಸೇರಿ ಹೊಸ ಕರಾರು ಮಾಡಬೇಕು. ಅವನು ಹಕ್ಕು ಬಿಡಬೇಕು, ಉಳಿದ ಕಂತು ಅವಳೊಬ್ಬಳೇ ಹೊರಬೇಕು. ನನ್ನ ಬಾಕಿ ತೀರಿದ ಮೇಲೆ ಅವನು ಕಟ್ಟಿದ್ದನ್ನು ಅವಳು ಹಿಂತಿರುಗಿಸಬೇಕು.

“ನನ್ನ ರೊಕ್ಕಕ್ಕ ಅಲ್ಲೀತನಾ ಕಾಯಬೇಕೇನ್ರಿ?” ಎಂದು ಬಸವರಾಜ ಸಿಡುಕಿದ.

“ಬ್ಯಾಡಾದ್ರ ನೀನೂ ಅರ್ಧಾ ಕಂತ ಕಟ್ಕೋತ ಇರಪಾ,” ಎಂದೆ. “ನಿನ್ನ ಸಹಿ ಇನ್ನೂ ಜೀವಂತ ಐತಿ.”

ಅವನು ಹಕ್ಕು ಬಿಟ್ಟು ಕಾಯಲು ಒಪ್ಪಿದ. ನಾನು ಕಂತು ಸಣ್ಣದು ಮಾಡಿ ವರ್ಷ ಹೆಚ್ಚಿಸಿದೆ. ನನಗೆ ವ್ಯಾಪಾರದ ಬುದ್ಧಿಯೇ ಇಲ್ಲ ಎಂದು ಯಜಮಾನರು ಗೊಣಗಿದರು. “ಇದ್ದಿದ್ರ ನಿಮ್ಮನ್ನ ಮಾಡ್ಕೋತಿದ್ನೇನ್ರಿ?” ಎಂದೆ.

ಹೊಸ ಕರಾರು ಬರೆಸುವ ದಿನ, ನಮ್ಮ ಕಡೆಯವನೇ ಆದ ಟೈಪಿಸ್ಟ್ ತಲೆಯೆತ್ತದೆ ರೇಣುಕಾಳನ್ನು ಕೇಳಿದ: “ಗಂಡನ ಹೆಸರು?”

“ಮನಿ ಯಾರದು ಅಂತ ಕೇಳ್ರಿ. ನಾ ಯಾರಕಿ ಅಂತ ಕೇಳಬ್ಯಾಡ್ರಿ. ಒಂದ ಹೆಸರ ಬೇಕ ಅಂದ್ರ ನಮ್ಮವ್ವನ್ದು ಬರೀರಿ, ಲಕ್ಕವ್ವ.”

ಅವನು ವಕೀಲೆಯ ಮುಖ ನೋಡಿದ. ಅವರು ತಲೆಯಾಡಿಸಿದರು. ಲಕ್ಕವ್ವ ಸ್ಟಾಂಪ್ ಪೇಪರಿನ ಮೇಲೆ ಬಂದಳು.

ಸಾಲ ಕೊಟ್ಟವರು ಎದೆಯೆತ್ತಿ ನಡೆಯುತ್ತಾರೆ, ತೆಗೆದುಕೊಂಡವರು ತಲೆ ತಗ್ಗಿಸುತ್ತಾರೆ ಎಂಬುದು ಲೋಕರೂಢಿ. ಅಂದು ವಾಸ್ಕೋದ ಬಸ್ ನಿಲ್ದಾಣದತ್ತ ನಡೆದ ನಮ್ಮಿಬ್ಬರಲ್ಲಿ ಸಾಲಗಾರ್ತಿ ಯಾರೆಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ರೇಣುಕಾ ಮುಂದೆ ದಾಪುಗಾಲು ಹಾಕುತ್ತಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು, ಅವಳ ಹೆಜ್ಜೆಗೆ ನನ್ನ ಹೆಜ್ಜೆ ಸೇರಿಸಲು ಹೆಣಗುತ್ತಿದ್ದೆ.