ಕ್ಲಿಪ್ಪಿನಿಂದ ಹೊರಗುಳಿದ ಮಾತು

ಕಳೆದ ವಾರ ಮನೆಗೆ ಕೈಮಗ್ಗದ ಸೀರೆಯೊಂದು ಬಂತು. ಹೆಂಡತಿ ಮಡಿಕೆ ಬಿಚ್ಚಿದಾಗ ನೂಲಿಗೆ ಹಾಕಿದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಗಜೇಂದ್ರಗಡದಲ್ಲಿ ನಾನಿದ್ದ ಬಾಡಿಗೆ ಮನೆಯಲ್ಲಿ ಬೆಳಗಾದರೆ ಇದೇ ವಾಸನೆ... ಪಕ್ಕದ ಮನೆಯಲ್ಲಿ ದೊಡ್ಡವ್ವ ಸೀರೆ ನೇಯುತ್ತಿದ್ದರು. ನನಗೇನೂ ಸಂಬಂಧಿಯಲ್ಲ. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ.

ನಾನು ಅಲ್ಲಿ ಹೈಸ್ಕೂಲು ಮಾಸ್ತರ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಇಡೀ ಓಣಿಗೆ ಕಂಪ್ಯೂಟರ್ ಇದ್ದದ್ದು ನನ್ನೊಬ್ಬನ ಮನೆಯಲ್ಲಿ. ಹಾಳೂರಿಗೆ ಉಳಿದವನೇ ಗೌಡ. ಪುಕ್ಕಟೆ ಸಿಗುವ ಪ್ಲೇಯರ್ ಒಂದನ್ನು ಹಾಕಿಕೊಂಡಿದ್ದೆ. ವಿಡಿಯೊ ಓಡುತ್ತಿರುವಾಗ ಕೆಂಪು ಗುಂಡಿ ಒತ್ತಿದರೆ ರೆಕಾರ್ಡು ಶುರು, ಮತ್ತೊಮ್ಮೆ ಒತ್ತಿದರೆ ಬಂದ್. ನಡುವಿನ ತುಣುಕು ಬೇರೆ ಫೈಲಾಗಿ ಬಂದು ಕೂರುತ್ತಿತ್ತು. ನನ್ನ ವಿದ್ಯೆ ಇಷ್ಟೇ, ಆದರೆ ಜಂಭ ಆಕಾಶಕ್ಕಿತ್ತು. ಮಂದಿಯ ಮದುವೆ ಸಿ.ಡಿ.ಗಳಿಂದ ಚಂದದ್ದಷ್ಟನ್ನೇ ಕತ್ತರಿಸಿ ಕೊಡುವುದು ನನ್ನ ರವಿವಾರದ ಉದ್ಯೋಗವಾಗಿತ್ತು.

ದೊಡ್ಡವ್ವನ ಗಂಡ ತೀರಿಕೊಂಡು ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಸೆರಗಿನಲ್ಲಿ ಸುತ್ತಿಕೊಂಡು ಒಂದು ಸಿ.ಡಿ. ತಂದರು. ಮುಶಿಗೇರಿಯಲ್ಲಿ ಅವರ ತಂಗಿಯ ಮನೆಯಲ್ಲಾದ ಮದುವೆಯದು.

"ಮಾಸ್ತರ, ಇದರಾಗ ನಮ್ಮವರದಾರಂತ್ರಿ. ಅವರಿದ್ದಷ್ಟ ಕತ್ತರಿಸಿ ಕೊಡ್ರಿ. ಸಂಜಿ ಬಸ್ಸಿಗೆ ಹೊಳ್ಳಿ ಕಳಸಬೇಕು."

"ಕುಂದರ್ರಿ ದೊಡ್ಡವ್ವ, ಕೂಡೇ ನೋಡೂಣು."

"ನೂಲಿಗೆ ಗಂಜಿ ಹಚ್ಚಿ ಬಂದೇನ್ರಿ. ಒಣಗಿದರ ಎಳಿ ಅಂಟಕೊಂತಾವ," ಎಂದು ಹೋಗೇಬಿಟ್ಟರು.

ಅವರ ಗಂಡ ಊಟದ ಸಾಲಿನಲ್ಲಿ ಸಿಕ್ಕರು, ಹುಗ್ಗಿಯ ಬಕೀಟು ಹಿಡಿದು ಬಡಿಸುತ್ತಿದ್ದರು. ವಿಡಿಯೊ ಮಾಡಿದವನು ಉದ್ದಕ್ಕೂ ಹಾಡು ಹೊದಿಸಿದ್ದ. ಒಂದು ಕಡೆ ಮಾತ್ರ ಮರೆತಿದ್ದನೋ ಏನೋ, ಅಲ್ಲಿ ಮದುವೆಮನೆಯ ಖರೇ ಸದ್ದು ಉಳಿದಿತ್ತು. ಅಲ್ಲೇ ಅವರು ಹೆಂಡತಿಯ ಕಡೆ ತಿರುಗಿ ಗದರಿದರು.

"ಏ, ಕಿವಿ ಕೇಳಂಗಿಲ್ಲೇನ ನಿನಗ? ಇಡ ಅದನ್ನ ಕೆಳಗ. ಮೊದಲ ಉಣ್ಣಾಕ ಕುಂದ್ರು. ಕಡೀಕ ಕುಂತರ ತಳದ ಹುಗ್ಗಿ ಸಿಗತೈತಿ."

ದೊಡ್ಡವ್ವ ಕೈಯಲ್ಲಿದ್ದ ಅನ್ನದ ಪರಾತ ಕೆಳಗಿಟ್ಟು, ತಲೆ ತಗ್ಗಿಸಿ ಸಾಲಿನಲ್ಲಿ ಕುಳಿತರು. ಮತ್ತೆ ಹಾಡು ಶುರುವಾಯಿತು. ಗಂಡ ಯಾರಿಗೋ ಬಡಿಸುತ್ತ ನಗುತ್ತಿದ್ದರು.

ಸತ್ತ ಗಂಡ ನಾಲ್ಕು ಮಂದಿಯೆದುರು ಬೈದದ್ದು ಯಾರಿಗೆ ಬೇಕು ಎಂದು ನಾನೇ ತೀರ್ಮಾನ ಮಾಡಿದೆ. ಬೈಗುಳ ದಾಟುವವರೆಗೆ ಕಾದು ಕೆಂಪು ಗುಂಡಿ ಒತ್ತಿದೆ. ನಗುವ ಹದಿನಾಲ್ಕು ಸೆಕೆಂಡು ಸಿಕ್ಕಿತು. ಬೇರೆ ಸಿ.ಡಿ.ಗೆ ಇಳಿಸಿ ಕೊಟ್ಟೆ, ಮದುವೆಯ ಸಿ.ಡಿ. ಸಂಜೆ ಬಸ್ಸಿಗೆ ಮುಶಿಗೇರಿಗೆ ವಾಪಸು ಹೋಯಿತು. ದೊಡ್ಡವ್ವ ತಮ್ಮ ಟಿ.ವಿ.ಯಲ್ಲಿ ನೋಡಿ ಬಂದು "ಚಲೋ ಬಂದೈತ್ರಿ" ಎಂದರು. ಮುಖದಲ್ಲಿ ಏನೂ ಇರಲಿಲ್ಲ. ದುಃಖದಲ್ಲಿದ್ದಾರೆ, ಇರಲಿ ಎಂದುಕೊಂಡೆ.

ಒಂದು ತಿಂಗಳು ಹೋಗಿರಬೇಕು. ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ಮೆಲ್ಲಗೆ ಕೇಳಿದರು.

"ಮಾಸ್ತರ, ಅದರಾಗ ಅವರು ಮಾತಾಡಿದ್ದು ಬರಂಗಿಲ್ಲೇನ್ರಿ? ನನಗ ಬೈದಿದ್ರು ಅಲ್ಲಿ, ಉಣ್ಣಾಕ ಕುಂದ್ರು ಅಂತ. ಬಡಸಾವ್ರು ಕಡೀ ಪಂಕ್ತಿಗೇ ಉಣ್ಣೂದು. ನಮ್ಮವ್ವ ಸೈತ ನನಗ ಮೊದಲ ಕುಂದ್ರು ಅಂದಾಕಿ ಅಲ್ಲ. ಅವರೊಬ್ಬರ... ಅವರ ದನೀನ ಮರತಂಗ ಆಗೇತ್ರಿ."

"ಮಷಿನ್ ಅಷ್ಟ ಹಿಡದೈತ್ರಿ ದೊಡ್ಡವ್ವ," ಎಂದೆ.

"ಹೌದನ್ರಿ? ಮಷಿನಿಗೇನ ತಿಳೀತೈತಿ, ಪಾಪ," ಎಂದರು.

ಮರುದಿನವೇ ಯಾರಿಗೂ ಹೇಳದೆ ಆ ಮದುವೆ ಸಿ.ಡಿ. ಕೇಳಿ ತರಲು ಮುಶಿಗೇರಿಗೆ ಹೋದೆ. ಅದು ಸರಿಯಾಗಿ ಓಡುತ್ತಿಲ್ಲವೆಂದು ತಂಗಿಯ ಮನೆಯವರು ಸೂರ್ಯಕಾಂತಿ ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿದ್ದರು. ವಿಡಿಯೊ ಮಾಡಿದವನೂ ತನ್ನದನ್ನು ಅಳಿಸಿಬಿಟ್ಟಿದ್ದ. ಹೊಲಕ್ಕೆ ಹೋಗಿ ಸಿ.ಡಿ. ಬಿಚ್ಚಿಕೊಂಡು ಬಂದೆ. ಹೊಳಪಿನ ಪದರ ಅಲ್ಲಲ್ಲಿ ಸುಲಿದಿತ್ತು. ಕಂಪ್ಯೂಟರಿನಲ್ಲಿ ಹಾಕಿದರೆ ಗರಗರ ತಿರುಗಿ ಹೊರಗೆ ಬಂತು, ಮತ್ತೆ ಹಾಕಿದೆ, ಮತ್ತೆ ಬಂತು. ನನಗೆ ಅಳುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಎದ್ದು ಚಹಾ ಮಾಡಿಕೊಂಡು ಕುಡಿದೆ, ಅದರ ರುಚಿಯೂ ಗೊತ್ತಾಗಲಿಲ್ಲ. ಮರುವರ್ಷ ಬೇರೆ ಊರಿಗೆ ವರ್ಗವಾಯಿತು. ಹೊರಡುವ ದಿನ ದೊಡ್ಡವ್ವ ಬುತ್ತಿ ಕಟ್ಟಿ ಕೊಟ್ಟರು, ಆಗಲೂ ಹೇಳಲಿಲ್ಲ.

ದೊಡ್ಡವ್ವ ಹೋಗಿ ಈಗ ಬಹಳ ವರ್ಷವಾಯಿತು. ಅವತ್ತು ಕಟ್ಟೆಯ ಮೇಲೆ ಕಡೇಪಕ್ಷ ಆ ಮಾತನ್ನು ನಾನೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದರೆ ಸುಳ್ಳು ಗೊತ್ತಾಗುತ್ತದೆಂದು ಸುಮ್ಮನಿದ್ದೆ. ಈಗಲೂ ಅದು ಅಕ್ಷರ ತಪ್ಪದೆ ನೆನಪಿದೆ. ಅವರು ಕೆಮ್ಮಿ, ಬಕೀಟು ಕೈ ಬದಲಿಸಿ, ಹೆಂಡತಿಯ ಕಡೆ ತಿರುಗಿದ್ದು ಕೂಡ. ಆ ದನಿ ಉಳಿದಿರುವುದು ನನ್ನೊಬ್ಬನ ಕಿವಿಯಲ್ಲಿ. ನನಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.