ಹಿಂದೆ ಕೂತವರಿಗೊಂದು ಪ್ರಶ್ನೆ

"ಹಿಂದ ಕುಂತು ಹೆದರಿಕಿ ಆಗಲಿಲ್ಲೇನ್ರೀ ಅಕ್ಕಾರ?"

ಹೋದ ಭಾನುವಾರ ಸಂಜೆ, ಬಳ್ಳಾರಿಯ ಒಂದು ತುಂಬಿದ ಸಭೆಯಲ್ಲಿ, ಮೈಕಿನಲ್ಲಿ ನನಗೆ ಕೇಳಿದ ಪ್ರಶ್ನೆ ಇದು. ಕೇಳಿದವರು ಸನ್ಮಾನ ಏರ್ಪಡಿಸಿದ್ದ ಕ್ಲಬ್ಬಿನ ಅಧ್ಯಕ್ಷರು. ಸನ್ಮಾನ ಯಾರಿಗೆ? ನಮ್ಮ ಮನೆಯವರಿಗೆ. ಯಾಕೆ? ರಾಜಸ್ಥಾನದ ಮರುಭೂಮಿಯಲ್ಲಿ ನಡೆದ ಮೋಟರ್ ಸೈಕಲ್ ರ‍್ಯಾಲಿಯನ್ನು ಪೂರ್ತಿ ಮಾಡಿ ಬಂದದ್ದಕ್ಕೆ. ನನಗೂ ಒಂದು ಶಾಲು ಹೊದಿಸಿದರು. ಹಿಂದೆ ಕೂತಿದ್ದಕ್ಕೆ.

ನಾನು ನಮ್ಮವರ ಮುಖ ನೋಡಿದೆ. ಅವರು ತಮ್ಮ ಕೊರಳಿನ ಚೆಂಡುಹೂವಿನ ಹಾರ ನೋಡುತ್ತಿದ್ದರು.

ಆ ಪ್ರಶ್ನೆಗೆ ನಿಜವಾದ ಉತ್ತರ ಗೊತ್ತಿದ್ದವರು ಆ ಸಭೆಯಲ್ಲಿ ಇಬ್ಬರೇ. ನಾನು ಬಾಯಿ ಬಿಟ್ಟರೆ ಗಂಡನ ಮಾನ ಹೋಗುತ್ತದೆ. ಬಿಡದಿದ್ದರೆ ನನ್ನದು. ಮೈಕು ಮಾತ್ರ ನನ್ನ ಮೂಗಿನ ಕೆಳಗೆ ಬಂದು ನಿಂತಿತ್ತು.

ಏನಾಯಿತು ಅಂತ ಮೊದಲಿನಿಂದ ಹೇಳುತ್ತೇನೆ, ಕೇಳಿ.

ಈ ಅಂಕಣದ ಹಳೆಯ ಓದುಗರಿಗೆ ನಮ್ಮವರ ಪರಿಚಯ ಬೇಕಿಲ್ಲ. ಹೊಸಬರಿಗಾಗಿ: ಅವರು ಮೆಡಿಕಲ್ ರೆಪ್ರೆಸೆಂಟೇಟಿವ್. ಕೊರಳಲ್ಲಿ ಟೈ, ಟ್ಯಾಂಕಿನ ಮೇಲೆ ಚರ್ಮದ ಬ್ಯಾಗು, ಕೆಳಗೆ ಬುಲೆಟ್ಟು. ಹಲಕುಂದಿಯಿಂದ ಕುಡತಿನಿಯವರೆಗೆ ಯಾವ ತಿರುವಿನಲ್ಲಿ ಯಾವ ತಗ್ಗಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. (ಕಣ್ಣು ಬಿಟ್ಟಾಗಲೂ ಗಾಡಿಯನ್ನು ಅದೇ ತಗ್ಗಿಗೆ ಇಳಿಸುತ್ತಾರೆ, ಆ ಮಾತು ಬೇರೆ.) ನಾನು ಹೈಸ್ಕೂಲ್ ಟೀಚರು, ಕುರುಗೋಡಿನ ಮಗಳು. ಮದುವೆಯಾದಂದಿನಿಂದ ಆ ಬುಲೆಟ್ಟಿನ ಹಿಂದಿನ ಸೀಟಿನ ಖಾಯಂ ಸದಸ್ಯೆ.

ಪೇಪರಿನಲ್ಲಿ ರ‍್ಯಾಲಿಯ ಸುದ್ದಿ ಓದಿದವರು ಅವರೇ. ಒಂದು ಗಾಡಿಗೆ ಇಬ್ಬರು. ಇಬ್ಬರಲ್ಲಿ ಯಾರು ಬೇಕಾದರೂ ಓಡಿಸಬಹುದು. ದಾರಿಯಲ್ಲಿ ಅಲ್ಲಲ್ಲಿ ಬಾವುಟ ಹಿಡಿದು ನಿಂತಿರುತ್ತಾರೆ, ಹೇಳಿದ ಹೊತ್ತಿಗೆ ಆ ಬಾವುಟ ಮುಟ್ಟಬೇಕು, ತಪ್ಪಿದರೆ ರ‍್ಯಾಲಿಯಿಂದ ಹೊರಕ್ಕೆ. ನಿಯಮ ಇಷ್ಟೇ. ಜೊತೆಗೆ ಬರುತ್ತೇನೆಂದಿದ್ದ ಗೆಳೆಯರಿಗೆ ಸರಿಯಾದ ಹೊತ್ತಿಗೆ ಬೆನ್ನುನೋವು ಬಂತು.

"ನೀನ ಬಾ ಹಂಗಾದ್ರ," ಅಂದರು ನಮ್ಮವರು. "ಹಿಂದ ಕುಂದ್ರದು ತಾನ?"

ಹೂಂ ಅಂದೆ. ಆಮೇಲೆ ಶುರುವಾಯಿತು ನೋಡಿ ತಯಾರಿ!

ನಮ್ಮವರ ತರ್ಕ ಬಹಳ ಸರಳ. "ಮರುಭೂಮಿ ಅಂದ್ರ ಏನು? ಬಿಸಿಲು. ಬಿಸಿಲು ಅಂದ್ರ ಏನು? ಬಳ್ಳಾರಿ. ಮುಗೀತು!" ಮೇ ತಿಂಗಳಲ್ಲೇ ತಾಲೀಮು. ಮಟಮಟ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿ ಮಲಗಿರುವಾಗ ನಾವಿಬ್ಬರು ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ಸಿರುಗುಪ್ಪದಿಂದ ಕುರುಗೋಡಿಗೆ. ಕುರುಗೋಡಿನಲ್ಲಿ ಅವ್ವ ಮಜ್ಜಿಗೆ ಕೊಟ್ಟು ಬೈಯುತ್ತಿದ್ದಳು. "ಏನ್ ಹುಚ್ಚ ಹಿಡಿದೈತಿ ನಿಮಗ? ನಾಯಿ ಸೈತ ನೆಳ್ಳು ಬಿಟ್ಟು ಹೊರಗ ಬಂದಿಲ್ಲ!"

ಹೊರಡುವಾಗ ನಮ್ಮ ಸಾಮಾನು ನೋಡಬೇಕಿತ್ತು. ತಲೆಗೆ ಸುತ್ತಿಕೊಳ್ಳಲು ತೆಳ್ಳನೆಯ ಟವೆಲ್ಲು, ಬಿಸಿಲು ಬಡಿಯದಂತೆ ಜೇಬಿಗೊಂದು ಉಳ್ಳಾಗಡ್ಡಿ, ತೋಳಿಲ್ಲದ ಬನಿಯನ್ನು. ಸ್ವೆಟರು? ಬಳ್ಳಾರಿಯಲ್ಲಿ ಹುಟ್ಟಿದವರ ಮನೆಯಲ್ಲಿ ಸ್ವೆಟರು ಎಲ್ಲಿಂದ ಬರಬೇಕು! ಅವ್ವ ಮಾತ್ರ ಒಂದು ಕರಿ ಕಂಬಳಿ ತಂದು ಕೊಟ್ಟಳು. ನಮ್ಮವರು ನಕ್ಕರು. "ಅತ್ತಿ, ಮರುಭೂಮಿಗೆ ಯಾರಾರ ಕಂಬಳಿ ಒಯ್ತಾರೇನು?"

"ಇರಲಿ ತಗೋರಿ ಅಳಿಯಂದ್ರ. ಹಾಸಾಕ ಆಗತೈತಿ."

ಬೇಡ ಅನ್ನಲಾಗದೆ ಗಾಡಿಯ ಹಿಂದೆ ಕಟ್ಟಿಕೊಂಡರು. ಇನ್ನು ನನ್ನ ಉಡುಪು. ನಮ್ಮವರ ಹಳೆಯ ಪ್ಯಾಂಟನ್ನೇ ದರ್ಜಿಯಿಂದ ನನ್ನ ಅಳತೆಗೆ ಹಿಡಿಸಿಕೊಂಡಿದ್ದೆ. ನಮ್ಮ ಅತ್ತೆ ಅದು ಹಗ್ಗದ ಮೇಲೆ ಒಣಗುತ್ತಿದ್ದದ್ದು ನೋಡಿ, "ಊರು ದಾಟಿದ ಮ್ಯಾಲೆ ಹಾಕ್ಕೋವ್ವ, ನಿನಗ ಪುಣ್ಯ ಬರತೈತಿ," ಅಂದರು. ಪುಣ್ಯಕ್ಕೇನು ಕಡಿಮೆ? ಬಳ್ಳಾರಿ ಸ್ಟೇಷನ್ನಿನಲ್ಲಿ ಸೀರೆ ಉಟ್ಟು ರೈಲು ಹತ್ತಿದೆ, ಗುಂತಕಲ್ಲಿನ ವೇಟಿಂಗ್ ರೂಮಿನಲ್ಲಿ ಪ್ಯಾಂಟು ತೊಟ್ಟೆ. ಬುಲೆಟ್ಟು ಸಾಮಾನಿನ ಜೊತೆ ರೈಲಿನ ಬ್ರೇಕ್ ವ್ಯಾನಿನಲ್ಲಿ ಬಂತು.

ಜೋಧಪುರದಲ್ಲಿ ಇಳಿದಾಗ ನಮ್ಮ ಬುದ್ಧಿವಂತಿಕೆ ಬಯಲಾಯಿತು.

ರ‍್ಯಾಲಿ ಇದ್ದದ್ದು ಜನವರಿಯಲ್ಲಿ. ಮರುಭೂಮಿಗೂ ಚಳಿಗಾಲ ಇರುತ್ತದೆ ಎಂಬ ವಿಚಾರ ನಮ್ಮಿಬ್ಬರ ತಲೆಗೆ ಒಮ್ಮೆಯಾದರೂ ಹೊಳೆದಿತ್ತೇ? ಇಲ್ಲ. ಬಳ್ಳಾರಿಯವರಿಗೆ ಮಾತ್ರ ಸಾಧ್ಯವಾದ ತಪ್ಪು ಇದು! ಬೆಳಿಗ್ಗೆ ಎಲ್ಲರೂ ಕೋಟು, ಮಫ್ಲರು, ಚರ್ಮದ ಕೈಗವಸು ಹಾಕಿಕೊಂಡು ನಿಂತಿದ್ದರೆ, ನಾವಿಬ್ಬರು ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಗಡಗಡ ನಡುಗುತ್ತಿದ್ದೆವು. ಅಂಗಿಯೊಳಗೆ ಪೇಪರು ತುರುಕಿಕೊಂಡೆವು. ನಮ್ಮವರು ಹಿಂದಕ್ಕೆ ಕೈ ಚಾಚಿ ಕಂಬಳಿ ಬಿಚ್ಚಿದರು.

"ಹಾಸಾಕ ತಂದದ್ದಲ್ಲೇನ್ರಿ ಅದು?" ಅಂದೆ.

"ಸುಮ್ನಿರಲೇ," ಅಂದರು, ಹಲ್ಲು ಕಟಕಟಿಸುತ್ತಾ.

ಜೈಸಲ್ಮೇರಿನವರೆಗೆ ಏನೂ ತೊಂದರೆ ಇರಲಿಲ್ಲ. ಡಾಂಬರು ರಸ್ತೆ, ನೆಟ್ಟಗೆ, ಎದುರಿಗೆ ಆಗೊಂದು ಈಗೊಂದು ಒಂಟೆ. ನಮ್ಮವರು ಚೆನ್ನಾಗಿಯೇ ಓಡಿಸಿದರು. ಹೊಗಳಬೇಕಾದ್ದನ್ನು ಹೊಗಳಲೇಬೇಕು. ಆದರೆ ಹಿಂದೆ ಕೂತ ನನಗೆ ಕಂಡ ಮರುಭೂಮಿ ಎಂಥದ್ದು ಗೊತ್ತೇ? ಒಂದು ಕಾಲರು, ಕಾಲರಿನ ಮೇಲೆ ಒಂದು ಹೆಲ್ಮೆಟ್ಟು. ಜಗತ್ತಿನಲ್ಲಿ ಎಲ್ಲಿಗೇ ಹೋಗಲಿ, ಹಿಂದಿನ ಸೀಟಿನವರಿಗೆ ಎದುರಿಗೆ ಕಾಣುವುದು ಅಷ್ಟೇ. ನಮ್ಮೂರಿನ ಹೆಂಗಸರಿಗೆ ಗಂಡನ ಬೆನ್ನಿನ ಚಿತ್ರ ಬರೆಯಿರಿ ಅಂದರೆ ಎಲ್ಲರೂ ಬಹುಮಾನ ಗೆಲ್ಲುತ್ತಾರೆ.

ಜೈಸಲ್ಮೇರ್ ದಾಟಿದ ಮೇಲೆ ಡಾಂಬರು ಮುಗಿಯಿತು. ಮರಳು ಶುರುವಾಯಿತು.

ಮರಳಿನಲ್ಲಿ ಮುಂದಿನ ಗಾಲಿ ಹಾವಿನಂತೆ ಹೊರಳುತ್ತದೆ. ಹೊರಳಿದ ಕೂಡಲೇ ನಮ್ಮವರು ಏನು ಮಾಡುತ್ತಿದ್ದರು? ಡಾಂಬರಿನ ಮೇಲೆ ಬುದ್ಧಿ ಇದ್ದವರು ಮಾಡುವುದನ್ನೇ. ಆಕ್ಸಿಲರೇಟರ್ ಬಿಡುವುದು, ಎರಡೂ ಕಾಲು ಊರುವುದು. ಗಾಡಿ ನಿಲ್ಲುತ್ತಿತ್ತು. ನಿಂತದ್ದು ಹೂತುಕೊಳ್ಳುತ್ತಿತ್ತು. ಇಳಿ, ದಬ್ಬು, ಹತ್ತು. ಮತ್ತೆ ಇಳಿ. ಉಳಿದ ಗಾಡಿಗಳು ಒಂದೊಂದಾಗಿ ನಮ್ಮನ್ನು ದಾಟಿ ಹೋದವು. ಬಾವುಟ ಮಡಚುವ ಹೊತ್ತು ಹತ್ತಿರ ಬರುತ್ತಿತ್ತು.

ಕೊನೆಗೊಮ್ಮೆ ಹಿಂದಿನ ಗಾಲಿ ಅರ್ಧಕ್ಕರ್ಧ ಮುಳುಗಿತು. ನಮ್ಮವರು ಹೆಲ್ಮೆಟ್ ತೆಗೆದು ಮರಳಿನ ಮೇಲೆ ಕೂತರು.

"ಆತು ಬಿಡು. ವಾಪಸ್ ಹೋಗೂಣು."

ಅವರ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಮೇ ತಿಂಗಳಿನಿಂದ ಕನವರಿಸಿದ ಮನುಷ್ಯ. ಜೊತೆಗೆ ಸಿಟ್ಟೂ ಬಂತು. ಸಾಲಿಯಲ್ಲಿ ರಜೆ ಬೇಡಿ, ಮಗಳನ್ನು ಅವ್ವನ ಹತ್ತಿರ ಬಿಟ್ಟು, ಇಷ್ಟು ದೂರ ಬಂದದ್ದು ಅರ್ಧ ದಾರಿಯಿಂದ ತಿರುಗುವುದಕ್ಕೇ?

"ನಾ ಹೊಡೀತೀನಿ ಗಾಡಿ," ಅಂದೆ.

ಅವರು ನಕ್ಕರು. "ಇದು ನಿಮ್ಮ ಮಾವನ ಸಿರುಗುಪ್ಪ ಅಲ್ಲಲೇ."

ಇಲ್ಲಿ ನನ್ನ ಸೋದರಮಾವನ ಕಥೆ ಹೇಳಲೇಬೇಕು. ಸಿರುಗುಪ್ಪದಲ್ಲಿ ಅವನ ಗದ್ದೆ. ಗದ್ದೆ ಅಂದರೆ ಎರೆ ಮಣ್ಣು. ಒಣಗಿದರೆ ಕಲ್ಲು, ನೆನೆದರೆ ಹಲ್ವಾ. ಒಂದು ಮಳೆ ಬಿದ್ದರೆ ಸಾಕು, ಎತ್ತಿನ ಗಾಡಿಯೂ ಕದಲದು. ಮಾವನ ಹತ್ತಿರ ಒಂದು ಹಳೆಯ ಮೋಟರ್ ಸೈಕಲ್ ಇತ್ತು. ಹೆಣ್ಣುಮಕ್ಕಳಿಲ್ಲದ ಅವನಿಗೆ ನಾನೇ ಮಗಳು. ಹೈಸ್ಕೂಲಿನ ರಜೆಗೆ ಹೋದಾಗ ಲಂಗ ಎತ್ತಿ ಕಟ್ಟಿಸಿ, ಕಾಲುವೆ ದಂಡೆಯ ಮೇಲೆ ಗಾಡಿ ಕಲಿಸಿದ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಹೆಂಗಸರು ನಾಟಿ ಮಾಡುವುದು ಬಿಟ್ಟು ನಿಂತು, "ಅಮ್ಮಾಯಿ ಬಂಡಿ ತೋಲುತುಂದಿ ಚೂಡಂಡಿ!" ಎಂದು ಕೂಗುತ್ತಿದ್ದರು. (ಹುಡುಗಿ ಗಾಡಿ ಓಡಿಸ್ತಾಳೆ, ನೋಡ್ರೇ!)

ಮಾವ ಹೇಳುತ್ತಿದ್ದದ್ದು ಒಂದೇ ಮಾತು. "ಗಾಲಿ ನೋಡಬ್ಯಾಡವ್ವ, ಹೋಗೋ ಕಡಿ ನೋಡು. ಅದು ಹೊಳ್ಳಾಡಿದ್ರ ಹೊಳ್ಳಾಡ್ಲಿ ಬಿಡು. ಎರಿಯಾಗ ಹೆದರಿ ನಿಂತಾಂವ ಹೂತ."

ಮದುವೆಯಾದ ಮೇಲೆ ಗಾಡಿ ಮುಟ್ಟಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ನಿಜ ಹೇಳಬೇಕು. ಯಾರೂ ತಗೋ ಅಂತಲೂ ಅನ್ನಲಿಲ್ಲ. ಕೂರಲು ಒಂದು ಸೀಟು ತೋರಿಸಿದರು, ಹೋಗಿ ಕೂತೆ. ಹೀಗೆ ಎಷ್ಟು ವಿದ್ಯೆಗಳು ನಮ್ಮ ಮನೆಗಳಲ್ಲಿ ಮಸಾಲೆ ಡಬ್ಬಿಯ ಹಿಂದೆ ಸೇರಿಕೊಂಡಿವೆಯೋ!

ಆ ಮರಳಿನಲ್ಲಿ ನಿಂತು ನಮ್ಮವರಿಗೆ ಹೇಳಿದೆ. "ಹೌದ್ರಿ, ಇದು ಸಿರುಗುಪ್ಪ ಅಲ್ಲ. ಅಲ್ಲಿ ಬಿದ್ರ ಮೈತುಂಬ ಕೆಸರು. ಇಲ್ಲಿ ಬಿದ್ರ ಜಾಡಿಸಿಕೊಂಡು ಏಳಬಹುದು. ಏಳ್ರಿ, ಕಿಕ್ ಹೊಡ್ದು ಕೊಡ್ರಿ."

ಗಾಲಿಯ ಕೆಳಗೆ ಅವ್ವನ ಕಂಬಳಿ ಹಾಸಿದೆವು. (ಹಾಸಾಕ ಆಗತೈತಿ ಅಂದಿದ್ದಳಲ್ಲ!) ಗಾಡಿ ಮೇಲೆ ಬಂತು. ನಾನು ಹತ್ತಿದೆ, ನಾಲ್ಕು ಮಾರು ಹೋಗಿ ಧಡ್ ಎಂದು ಬಿದ್ದೆ. ಅವರು ಓಡಿಬಂದು, "ಸಾಕು ಬಿಡು," ಅಂದರು. ಜಾಡಿಸಿಕೊಂಡು ಎದ್ದು ಮತ್ತೆ ಹತ್ತಿದೆ. ಈ ಸಲ ಗಾಲಿ ನೋಡಲಿಲ್ಲ. ದೂರದಲ್ಲಿ ಒಂದು ಮುಳ್ಳಿನ ಮರವಿತ್ತು, ಅದನ್ನೇ ನೋಡಿದೆ. ಹ್ಯಾಂಡಲ್ ಹೊರಳಾಡಿತು, ಹೊರಳಾಡಲಿ ಎಂದು ಬಿಟ್ಟೆ. ಆಕ್ಸಿಲರೇಟರ್ ಮಾತ್ರ ಬಿಡಲಿಲ್ಲ. ಕೈಗಳಿಗೆ ಎಲ್ಲವೂ ನೆನಪಿತ್ತು. ನನಗೆ ಅಳು ಬರುವಷ್ಟು ಖುಷಿಯಾಯಿತು.

ಒಂದು ಸಣ್ಣ ತೊಂದರೆ. ನಿಲ್ಲುವಂತಿಲ್ಲ. ನಿಂತರೆ ಹೂತ. ಹಾಗಾಗಿ ಗಂಡನನ್ನು ಹತ್ತಿಸಿಕೊಳ್ಳುವಂತೆಯೂ ಇಲ್ಲ! ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹೆಲ್ಮೆಟ್ಟು, ನಮ್ಮವರು ಹಿಂದೆ ಓಡೋಡಿ ಬರುತ್ತಿದ್ದರು. "ಏ ನಿಂದ್ರಲೇ! ನಿಂದ್ರಲೇ!" ಮುಳ್ಳಿನ ಮರದ ಬುಡದಲ್ಲಿ ನೆಲ ಗಟ್ಟಿಯಿತ್ತು, ಅಲ್ಲಿ ನಿಂತೆ. ಏದುಸಿರು ಬಿಡುತ್ತಾ ಬಂದರು. ಗಾಡಿಯ ಮುಂದೆ ಒಂದು ಕ್ಷಣ ನಿಂತರು. ಆಮೇಲೆ ಹಿಂದೆ ಹೋಗಿ ಕೂತರು.

ಅಲ್ಲಿಂದ ಬಾವುಟದವರೆಗೆ ನನ್ನ ಬೆನ್ನ ಹಿಂದೆ ಒಂದೇ ಸಮನೆ ಪಿಸುಮಾತು ಕೇಳುತ್ತಿತ್ತು. ಕಿವಿಗೊಟ್ಟೆ. "ಯಪ್ಪಾ ದೊಡ್ಡಬಸಪ್ಪಾ, ಮುಟ್ಟಿಸಪ್ಪಾ, ಕುರುಗೋಡಿಗೆ ಬಂದು ಕಾಯಿ ಒಡಸ್ತೀನಿ..." ನಮ್ಮೂರಿನ ಬಸವಣ್ಣನಿಗೆ ಹರಕೆ, ಅದೂ ನನ್ನ ಹರಕೆಗಳನ್ನು ಕಂಡು ನಗುತ್ತಿದ್ದ ಮನುಷ್ಯ!

ಬಾವುಟದವನು ಕೈ ಕೆಳಗಿಳಿಸುವಷ್ಟರಲ್ಲಿ ಮುಟ್ಟಿದೆವು. ಆಮೇಲಿನ ದಿನಗಳಲ್ಲಿ ಒಪ್ಪಂದ ತಾನಾಗಿಯೇ ಆಯಿತು. ಡಾಂಬರು ಬಂದರೆ ಅವರು, ಮರಳು ಬಂದರೆ ನಾನು. ಬಹುಮಾನ ಬರಲಿಲ್ಲ. ಬಂದ ಎಷ್ಟೋ ಜನ ಅರ್ಧಕ್ಕೇ ಬಿಟ್ಟ ರ‍್ಯಾಲಿಯನ್ನು ನಾವು ಪೂರ್ತಿ ಮಾಡಿದೆವು. ಜೋಧಪುರದಿಂದ ಅವ್ವನಿಗೆ ತಿಳಿಸಲು ಟ್ರಂಕ್ ಕಾಲ್ ಮಾಡಿದಾಗ ನಮ್ಮವರ ದನಿ ಊರಿಗೆಲ್ಲ ಕೇಳುವಂತಿತ್ತು.

ಊರಿಗೆ ಬಂದ ಮೇಲೆ ಮಾತ್ರ ನಮ್ಮವರ ಕಥೆಯಲ್ಲಿ ಗಾಡಿ ತಾನಾಗಿಯೇ ಮರಳು ದಾಟತೊಡಗಿತು. ಡಾಕ್ಟರುಗಳ ಮುಂದೆ, ಮೆಡಿಕಲ್ ಶಾಪುಗಳ ಮುಂದೆ, ಬೀದಿಯಲ್ಲಿ, ಎಲ್ಲ ಕಡೆಯೂ ಅದೇ ಕಥೆ. ಸುಳ್ಳು ಹೇಳಲಿಲ್ಲ. ಯಾರು ಓಡಿಸಿದರು ಅಂತ ಹೇಳಲೂ ಇಲ್ಲ. ಕುರುಗೋಡಿಗೆ ಹೋಗಿ ಬಸವಣ್ಣನ ಮುಂದೆ ಕಾಯಿ ಒಡೆದಾಗ ಅವ್ವ ಕೇಳಿದಳು, "ಏನ್ ಹರಕಿ ಅಳಿಯಂದ್ರ?"

"ಹಿಂಗ ಸುಮ್ನ ಅತ್ತಿ," ಅಂದರು.

ನನಗೆ ನೋವಾಯಿತು. ಬಸವಣ್ಣನಿಗೆ ಕಾಯಿ ಸಿಕ್ಕಿತು, ನನಗೆ ಒಂದು ಮಾತೂ ಸಿಗಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಅದನ್ನು ಅವರೇ ಹೇಳಬೇಕು, ನಾನು ಹೇಳಿದರೆ ಅದಕ್ಕೆ ಬೆಲೆ ಇಲ್ಲ ಎಂದು ಹಟ ಹಿಡಿದು ಕೂತಿದ್ದೆ.

ಈಗ ಮತ್ತೆ ಭಾನುವಾರದ ಸಭೆಗೆ ಬನ್ನಿ.

ಅಧ್ಯಕ್ಷರು ನಮ್ಮವರನ್ನು ಬಳ್ಳಾರಿಯ ಹುಲಿ ಎಂದು ಹೊಗಳಿ ಮುಗಿಸಿ ನನ್ನ ಕಡೆ ತಿರುಗಿದ್ದರು. "ಹಿಂದ ಕುಂತು ಹೆದರಿಕಿ ಆಗಲಿಲ್ಲೇನ್ರೀ ಅಕ್ಕಾರ?" ಸಭೆ ಕಾಯುತ್ತಿತ್ತು. ಆಗ ನಮ್ಮವರು ಹಾರ ನೋಡುವುದು ಬಿಟ್ಟು ಎದ್ದರು. ಮೈಕು ತಮ್ಮ ಕಡೆ ಎಳೆದುಕೊಂಡರು.

"ಅದನ್ನ ನನಗ ಕೇಳ್ರಿ," ಅಂದರು. "ಮಳಲಾಗ ಗಾಡಿ ಹೊಡ್ದಾಕಿ ಆಕಿ. ಹಿಂದ ಕುಂತಾಂವ ನಾನು. ಹೆದರಿಕಿ ಆಗಿತ್ರಿ, ಭಾಳ ಆಗಿತ್ತು."

ನನ್ನ ಕಣ್ಣು ತುಂಬಿ ಬಂತು. ಮುಚ್ಚಿಡುವುದೇಕೆ?

ಸಭೆ ಏನು ಮಾಡಿತು ಗೊತ್ತೇ? ಘೊಳ್ಳೆಂದು ನಕ್ಕಿತು! ಚಪ್ಪಾಳೆ ಬಿತ್ತು. ಅಧ್ಯಕ್ಷರು ಅವರ ಬೆನ್ನು ತಟ್ಟಿ, "ನೋಡ್ರಿ, ಮನಿಯಾಕಿ ಮ್ಯಾಲೆ ಎಷ್ಟ ಅಭಿಮಾನ! ಭಾರೀ ಜೋಕ್ ಹೊಡೀತಾರ," ಅಂದರು. ನಮ್ಮವರು "ಜೋಕ್ ಅಲ್ರೀ, ಖರೇನ" ಎಂದದ್ದಕ್ಕೆ ಇನ್ನೂ ಜೋರಾಗಿ ನಕ್ಕರು. ಗಂಡಸು ಸುಳ್ಳು ಹೇಳಿದ್ದರೆ ನಂಬುತ್ತಿದ್ದ ಊರು, ನಿಜ ಹೇಳಿದಾಗ ತಮಾಷೆ ಅಂದುಕೊಂಡಿತು.

ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಮೆಟ್ಟಿಲ ಮೇಲೆ ಅಧ್ಯಕ್ಷರು, ಅವರ ಸುತ್ತ ಅರ್ಧ ಸಭೆ. ನಮ್ಮವರು ಗಾಡಿಯ ಹತ್ತಿರ ಹೋಗಿ ಕಿಕ್ ಹೊಡೆದರು. ಆಮೇಲೆ ಹ್ಯಾಂಡಲ್ ನನ್ನ ಕಡೆ ತಿರುಗಿಸಿ, ಎಲ್ಲರಿಗೂ ಕೇಳುವಂತೆ ಅಂದರು: "ಹೊಡಿ."

"ಸೀರಿ ಉಟ್ಟೀನ್ರಿ."

"ಲಂಗ ಕಟ್ಟಿ ಹೊಡ್ದಾಕಿಗೆ ಸೀರಿ ಏನ್ ದೊಡ್ಡದು?"

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಸನ್ಮಾನದ ಶಾಲನ್ನು ಮಡಿಸಿ ಅವರ ಕೈಗೆ ಕೊಟ್ಟೆ. ಅವರು ಹಾರ ಹಾಕಿಕೊಂಡೇ ಹಿಂದೆ ಕೂತರು. ಮೆಟ್ಟಿಲ ಮುಂದೆ ಒಂದು ಸುತ್ತು ಹೊಡೆದೆ. ಗಾಡಿ ತಮ್ಮ ಕಡೆ ತಿರುಗಿದ ಕೂಡಲೇ ಅಧ್ಯಕ್ಷರು ಪಂಚೆ ಎತ್ತಿಕೊಂಡು ಮೂರನೆಯ ಮೆಟ್ಟಿಲಿಗೆ ಹಾರಿದರು.

ನನ್ನ ಬೆನ್ನ ಹಿಂದೆ ಈ ಸಲ ಬಸವಣ್ಣನ ಹೆಸರು ಕೇಳಲಿಲ್ಲ. ನಮ್ಮವರು ನಗುತ್ತಿದ್ದರು.

ಈಗ ನೀವೇ ಹೇಳಿ, ಹೆದರಿಕೆ ಹಿಂದೆ ಕೂತವರಿಗೋ, ನಿಂತು ನೋಡಿದವರಿಗೋ?