ನಾಲ್ಕು ಎಳೆ ರೇಷ್ಮೆ ಮತ್ತು ದುರುಗಣ್ಣನ ಮೀಸೆ

ದುರುಗಣ್ಣನನ್ನು ನಾನು ಮೊದಲು ನೋಡಿದ್ದು ೨೦೦೪ರ ಯುಗಾದಿ ಕಳೆದ ಮೂರನೆಯ ದಿನ. ಚಳ್ಳಕೆರೆಯಲ್ಲಿ ನನ್ನ ಟೀ ಅಂಗಡಿಯ ಪಕ್ಕದ ಶೆಡ್ಡಿಗೆ ಹೊಸದಾಗಿ ಬಂದ ಮೆಕ್ಯಾನಿಕ್ಕು ಅವನು. ಲೋಟದಂತಿದ್ದ ಪಿಸ್ಟನ್ ಒಂದನ್ನು ಚಾಚಿ, "ಅವ್ವಾ, ಇದ್ರಾಗೆ ಟೀ ಹಾಕು" ಅಂದ. ಹಾಕಿದೆ. ಅಷ್ಟೂ ಅವನ ಪಾದದ ಮೇಲೆ ಸುರಿಯಿತು. ಪಿಸ್ಟನ್ನಿನ ತಲೆ ಸುಟ್ಟು ತೂತಾಗಿತ್ತು.

"ಕಾಲು ಸುಟ್ಕೊಂಡು ನಗ್ತೀಯಲ್ಲೋ!"

"ಅಳಾಕೆ ಪುರುಸೊತ್ತಿಲ್ಲವ್ವ. ಹಿಂಗೆ ಸುಟ್ಟಿದ್ದು ಇದು ಎರಡ್ನೇದು. ಎರಡೂ ನಾಕ್ನೇ ಸಿಲಿಂಡರ್‌ದೇ."

ಕೊಂಡ್ಲಹಳ್ಳಿಯವನು. ದಿನಾ ಬೆಳಿಗ್ಗೆ ಕಾಲು ಗಂಟೆ ಮೀಸೆಗೆ ಹರಳೆಣ್ಣೆ ತೀಡುತ್ತಿದ್ದ. ಒಂದು ಹಳೇ ಕಾರಿಗೆ ಟರ್ಬೊ ಕೂರಿಸಿದ್ದ. ಮೂವರನ್ನು ಕೂರಿಸಿಕೊಂಡು, ಎರಡನೇ ಗೇರಿಗೆ ಇಳಿಯದೆ ಮೊಳಕಾಲ್ಮೂರಿನ ಗುಡ್ಡ ಹತ್ತುವುದಾಗಿ ಲಾರಿ ಡ್ರೈವರ್ ಜಂಪಣ್ಣನ ಹತ್ತಿರ ಪಂಥ ಕಟ್ಟಿದ್ದ. ಸೋತರೆ ಬಸ್‌ಸ್ಟ್ಯಾಂಡಿನಲ್ಲಿ ಮೀಸೆ ಬೋಳು. ಸುಟ್ಟದ್ದರ ಬದಲಿಗೆ ಹಾಕಲು ಉಳಿದಿದ್ದು ಒಂದೇ ಪಿಸ್ಟನ್.

ಟರ್ಬೊ ನೂಕಿದ ಗಾಳಿಯನ್ನು ನಾಲ್ಕು ಸಿಲಿಂಡರಿಗೂ ಹಂಚುವುದು ಮ್ಯಾನಿಫೋಲ್ಡು. ಅವನ ಹತ್ತಿರ ಎರಡಿದ್ದವು. ಕಾರಿಗೆ ಹಾಕಿದ್ದು ಬೆಂಗಳೂರಿನ ಗುಜರಿಯಿಂದ ತಂದದ್ದು, ಫಳಫಳ ಹೊಳೆಯುತ್ತಿತ್ತು. ಅದನ್ನು ಬಿಚ್ಚಿದಾಗ ಬಾಣಂತಿ ಕೂಸಿನಂತೆ ಎತ್ತಿಕೊಳ್ಳುತ್ತಿದ್ದ. ಇನ್ನೊಂದು ಅವನೇ ತಗಡು ಬೆಸೆದು ಮಾಡಿದ ಮೊಂಡು ಡಬ್ಬಿ. ನಾಚಿಕೆಗೆ ಅದರ ಮೇಲೆ ಗೋಣಿಚೀಲ ಹೊದಿಸಿದ್ದ.

"ನಾಕಕ್ಕೂ ಸಮ ಗಾಳಿ ಹೋಗ್ತೈತೇನೋ?" ಕೇಳಿದೆ.

"ಗಾಳಿ ಕಣ್ಣಿಗೆ ಕಾಣ್ತೈತೇನವ್ವ?"

"ಕಾಣಂಗೆ ಮಾಡಾಣ, ಅದನ್ನ ಬಿಚ್ಕೊಂಡ್ ಬಾ."

ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹನ್ನೊಂದು ವರ್ಷ ಕೂಲಿಗೆ ರೇಷ್ಮೆ ಸುತ್ತಿದವಳು ನಾನು. ನಾಲ್ಕು ಎಳೆ ಗೇಣುದ್ದ ಕತ್ತರಿಸಿ, ಮ್ಯಾನಿಫೋಲ್ಡಿನ ನಾಲ್ಕು ಬಾಯಿಗೂ ಗಂಜಿಯಲ್ಲಿ ಅಂಟಿಸಿದೆ. ಅವನು ಟೈರಿಗೆ ಹೊಡೆಯುವ ಗಾಳಿ ಬಿಟ್ಟ. ಹೊಳೆಯುವುದರಲ್ಲಿ ನಾಲ್ಕನೇ ಎಳೆ ಗಾಳಿಪಟದ ಬಾಲದಂತೆ ಹಾರಿತು, ಮೊದಲನೆಯದು ಅಲ್ಲಾಡಲೇ ಇಲ್ಲ. ಮೂರು ಸಲ ಮಾಡಿಸಿದೆ. ಮೂರು ಸಲವೂ ಅಷ್ಟೇ.

ದುರುಗಣ್ಣ ಹಣೆ ಬಡಿದುಕೊಂಡ. "ನಾಕ್ನೇದಕ್ಕೆ ಗಾಳಿ ಜಾಸ್ತಿ, ಪೆಟ್ರೋಲು ಮಾತ್ರ ಎಲ್ಲಕ್ಕೂ ಅಷ್ಟೇ! ಕಾವು ಏರಿ ಸುಡದೆ ಇನ್ನೇನು!"

ಗೋಣಿಚೀಲ ತೆಗೆದೆವು. ಡಬ್ಬಿಯಲ್ಲಿ ಎರಡನೇ ಎಳೆ ಹಿಂದೆ ಬಿತ್ತು. ಬೆರಳು ಹಾಕಿ ನೋಡಿದರೆ ಒಳಗೆ ಬೆಸುಗೆಯ ಗಂಟು. ಅರದಲ್ಲಿ ಉಜ್ಜಿದ. ಮತ್ತೆ ಗಾಳಿ ಬಿಟ್ಟರೆ ನಾಲ್ಕೂ ಒಟ್ಟಿಗೆ ಎದ್ದು ನಿಂತವು. ದುರುಗಣ್ಣ ಡಬ್ಬಿಯನ್ನು ತಲೆ ಮೇಲೆ ಹೊತ್ತು ರಸ್ತೆಯಲ್ಲೇ ಕುಣಿದ.

ಕೊನೇ ಪಿಸ್ಟನ್ನನ್ನೂ ಆ ಡಬ್ಬಿಯನ್ನೂ ಕಾರಿಗೆ ಹಾಕಿ ಭಾನುವಾರ ಗುಡ್ಡಕ್ಕೆ ಹೊರಟೆವು. ಮುಂದೆ ದುರುಗಣ್ಣನ ಪಕ್ಕ ಜಂಪಣ್ಣ, ಹಿಂದೆ ನಾನು ಮತ್ತು ಪಂಚರ್ ಅಂಗಡಿಯ ಜಂಬುಲಿಂಗಪ್ಪ. ಕೊನೇ ತಿರುವಿನಲ್ಲಿ ಕಾರು ತಿಣುಕಿತು.

"ಎರಡ್ನೇ ಗೇರಿಗೆ ಹಾಕಲೇ! ಮೀಸೆ ಹೋದ್ರೆ ಬೆಳೀತೈತೆ, ಇಂಜಿನ್ ಬೆಳೀತೈತಾ?" ಜಂಪಣ್ಣ ಕೂಗಿದ.

"ಬಾಯಿ ಮುಚ್ಚಲೇ, ನಿನ್ ಮಾತಿಗೇ ಭಾರ ಜಾಸ್ತಿ ಆಗೈತೆ!"

ಅಷ್ಟರಲ್ಲಿ ಟರ್ಬೊ ಸಿಳ್ಳೆ ಹಾಕಿತು. ಕಾರು ಜಿಗಿಯಿತು. ನನ್ನ ಸೆರಗು ಕಿಟಕಿಯಾಚೆ ಪಟಪಟ. ನಾನೂ ಕಿರುಚಿದೆ, ನಗುತ್ತಲೇ. ಮೂರನೇ ಗೇರಿನಲ್ಲೇ ಮೇಲೆ ತಲುಪಿದೆವು.

ಇಳಿದವನೇ ದುರುಗಣ್ಣ ಇಂಜಿನ್ನಿನ ನಾಲ್ಕು ಪ್ಲಗ್ಗು ಬಿಚ್ಚಿ ನನ್ನ ಅಂಗೈಗೆ ಹಾಕಿದ. ಬಿಸಿಗೆ ಸೆರಗಿನಲ್ಲಿ ಹಿಡಿದು ಒಂದೊಂದನ್ನೇ ನೋಡಿದೆ. ನಾಲ್ಕೂ ಒಂದೇ ಸಮ ನನ್ನ ಟೀ ಬಣ್ಣ; ಬೆಂಕಿ ನಾಲ್ಕಕ್ಕೂ ಸಮ ಬಿದ್ದಿತ್ತು. ಜಂಪಣ್ಣ ತಾನೇ ದುರುಗಣ್ಣನ ಮೀಸೆ ಹುರಿ ಮಾಡಿದ.

ಮುಂದಿನ ತಿಂಗಳು ಅವನು ಸ್ವಂತ ಶೆಡ್ಡು ಹಾಕಲು ರಾಂಪುರಕ್ಕೆ ಹೊರಟ. ಕಾರಿನಲ್ಲಿ ಕೂತು ಕನ್ನಡಿ ನೋಡಿಕೊಂಡವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅವ್ವಾ, ನಿಂದು ರೇಷ್ಮೆ ನೋಡಿದ ಕಣ್ಣು. ಖರೇ ಹೇಳು, ಮೀಸೆ ಎರಡೂ ಕಡೆ ಸಮ ಐತಾ?"